ದಖ್ಖಣದ ವಾಯುಮಂಡಲದ ಉಬ್ಬರವಿಳಿತ

ಸೇಡಂ ತಾಲ್ಲೂಕಿನ ಕಾಗಿಣಾ ತೀರದ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾಗಿದ್ದುದೂ, ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಕ್ರಿ. ಶ. 1058ರ ಶಾಸನದಲ್ಲಿ ಹೇಳಿರುವ ಘಟಿಕಾಸ್ಥಾನವಿದ್ದುದೂ ವಾಚಕರಿಗೆ ವಿದಿತವೇ ಆಗಿದೆ. ಇಂತಹ ವಿದ್ಯಾಭೂಮಿಯವರು ವಾಯುಮಂಡಲದ ಉಬ್ಬರವಿಳಿತವನ್ನೂ ಅರಿತಿದ್ದರೆಂದು ಹೇಳಲು ಕೆಲವರಿಗೆ ಆಸೆ. ನಾನು ಓದಿದ ಗ್ರಂಥಗಳಲ್ಲಿ ಅದಕ್ಕೆ ಆಧಾರವಿಲ್ಲ. ಸಿದ್ಧಾಂತಕಾರರ ಪ್ರವಹವಾಯು ಗ್ರಹನಕ್ಷತ್ರಗಳನ್ನು ಸುತ್ತಿಸುವುದಕ್ಕಾಗಿ ಕಲ್ಪಿತವಾದುದು. ಪಂಚಾಂಗಗಳ ಮೇಘಾಧಿಪತಿಯಾದರೋ ಗ್ರಹಗಳಲ್ಲೊಬ್ಬನು. ಎರಡರಲ್ಲಿಯೂ ಮೇಲಿನದು ಆಳುವುದು, ಕೆಳಗಿನದು ಆಳಿಸಿಕೊಳ್ಳುವುದು. ಪ್ರಕೃತ ವಿಷಯದಲ್ಲಿ ಈ ಕ್ರಮವೇ ತಲೆಕೆಳಗಾಗಿದೆ.

ದಖ್ಖಣದಲ್ಲಿ ಇದನ್ನು ಶ್ರದ್ಧೆಯಿಂದ ಅಳೆದವನು ಮುಂಬಯಿ ಸೈನ್ಯದ ಸೈಕ್ಸ್ ಎಂಬ ಅಧಿಕಾರಿ. ಆತನ ಪ್ರಬಂಧವು 1835ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸಂಪುಟದಲ್ಲಿ ಅಚ್ಚಾಯಿತು. ವಾಯುಭಾರಮಾಪಕದ ಪಾದರಸವು ಬೆಳಗಿನ ಹತ್ತು ಗಂಟೆಯ ಸುಮಾರಿಗೆ ಏರಿ, ಸಂಜೆ ನಾಲ್ಕರ ಸುಮಾರಿಗೆ ಇಳಿದು, ರಾತ್ರಿ ಹತ್ತಕ್ಕೆ ಮತ್ತೆ ಏರಿ, ಬೆಳಗಿನ ಜಾವ ಪುನಃ ಇಳಿಯುತ್ತದೆ. ಸಾವಿರಾರು ವೀಕ್ಷಣೆಗಳಲ್ಲಿ ಹಗಲಿನ ಈ ಏರಿಳಿತ ಒಮ್ಮೆಯೂ ತಪ್ಪಲಿಲ್ಲವೆಂದು ಆತನು ಬರೆದಿದ್ದಾನೆ. ಸೈಕ್ಸನು ಅಳೆದುದು ಪುಣೆಯ ಕಡೆಯ ಸೀಮೆಯಲ್ಲಿ. ಆದರೆ ಈ ಏರಿಳಿತವು ಮುಖ್ಯವಾಗಿ ಅಕ್ಷಾಂಶವನ್ನು ಅನುಸರಿಸುವುದರಿಂದ ವಾಡಿ, ಶಹಾಬಾದುಗಳ ಸುಣ್ಣಕಲ್ಲಿನ ಬಯಲಿನಲ್ಲಿಯೂ ಚಿಂಚೋಳಿಯ ಕಾಡುಗುಡ್ಡಗಳಲ್ಲಿಯೂ ಅದು ಇದೇ ಬಗೆಯದು. ಅದರ ಪ್ರಮಾಣ ಪಾದರಸದ ಎರಡು ಮೂರು ಮಿಲಿಮೀಟರುಗಳಷ್ಟು.

ಸಮುದ್ರದಂತೆ ಇದಕ್ಕೂ ಚಂದ್ರನೇ ಕಾರಣನೆಂದರೆ ಅದು ಹೇತ್ವಾಭಾಸ. ಕಡಲಿನ ಉಬ್ಬರವು ತಿಥಿಯೊಡನೆ ದಿನಕ್ಕೆ ಸುಮಾರು ಐವತ್ತು ನಿಮಿಷ ಹಿಂದೆ ಸರಿಯುವುದು. ಗಾಳಿಯದು ಅಮಾವಾಸ್ಯೆಯಾಗಲಿ ಹುಣ್ಣಿಮೆಯಾಗಲಿ ಹತ್ತು ಗಂಟೆಯನ್ನು ಬಿಡದು. ಆದುದರಿಂದ ಕಾರಣನು ಸೂರ್ಯನೇ, ಅದೂ ತನ್ನ ಶಾಖದಿಂದ. ಚಂದ್ರನ ಪಾಲು ಉಂಟಾದರೂ ಬಹುಕಾಲದ ವೀಕ್ಷಣೆಗಳ ಸರಾಸರಿಯಿಂದಲ್ಲದೆ ಕಾಣದು. ಹಾಗಾದರೆ ದಿನಕ್ಕೊಮ್ಮೆ ಬರುವ ಶಾಖಕ್ಕೆ ಎರಡು ಉಬ್ಬರಗಳೇಕೆ? 1882ರಲ್ಲಿ ಕೆಲ್ವಿನ್ ಮಹಾಶಯನು ವಾಯುಮಂಡಲದ ಸಹಜಾಂದೋಲನವೇ ಹನ್ನೆರಡು ಗಂಟೆಯದಾಗಿರಬಹುದೆಂದು ಊಹಿಸಿದನು. ಸೊಗಸಾದ ಊಹೆ, ಆದರೂ ರಾಕೆಟ್ಟುಗಳು ಮೇಲಿನ ಉಷ್ಣತೆಯನ್ನು ಅಳೆದ ಮೇಲೆ ನಿಲ್ಲಲಿಲ್ಲ. ಓಝೋನೂ ನೀರಾವಿಯೂ ಹೀರುವ ಬಿಸಿಲೇ ಇದಕ್ಕೆ ಸಾಕೆಂಬುದು 1960ರ ದಶಕದಲ್ಲಿ ಸಿದ್ಧವಾಯಿತು. ದಿನಕ್ಕೊಮ್ಮೆಯ ಅಲೆಯ ಬಲ ನೆಲದ ಬಳಿ ಏಕೆ ಕುಂದಿರುತ್ತದೆಂಬುದನ್ನು ಲಿಂಡ್ಜೆನ್ ಎಂಬ ವಿದ್ವಾಂಸನು ಆ ದಶಕದಲ್ಲಿಯೇ ಗಣಿತದಿಂದ ತೋರಿಸಿದನು.

ಈ ಅಲೆಗಳು ಮೇಲೇರಿದಂತೆ ಗಾಳಿ ತೆಳುವಾಗುವುದರಿಂದ ಬೆಳೆಯುತ್ತವೆ. ನೆಲದಲ್ಲಿ ಯಂತ್ರವಿಲ್ಲದೆ ತಿಳಿಯದ ಕಂಪನವು ನೂರು ಕಿಲೋಮೀಟರಿನ ಎತ್ತರದಲ್ಲಿ ಸೆಕೆಂಡಿಗೆ ಹತ್ತಾರು ಮೀಟರಿನ ಬಿರುಗಾಳಿಯಾಗುತ್ತದೆ. ಅಲ್ಲಿನ ವಿದ್ಯುತ್ಪ್ರವಾಹಗಳನ್ನೂ ಅಲುಗಿಸುತ್ತದೆ. ಬಿಸಿಲಲ್ಲದೆ ಇದಕ್ಕೆ ಇನ್ನೊಂದು ಇಂಧನವೂ ಉಂಟು: ಉಷ್ಣವಲಯದ ಮೋಡಗಳಲ್ಲಿ ಆವಿಯು ನೀರಾಗುವಾಗ ಹೊರಬೀಳುವ ಶಾಖ. ನೆಲದ ಮೇಲೆ ಮಳೆಯು ದಿನದ ಗೊತ್ತಾದ ಹೊತ್ತಿನಲ್ಲಿ ಹೆಚ್ಚುವುದರಿಂದ ಈ ಶಾಖಕ್ಕೂ ದಿನದ ಲಯವುಂಟು. ಭೂಖಂಡಗಳೂ ಸಮುದ್ರಗಳೂ ಬದಲಿಬದಲಿಯಾಗಿ ಇರುವುದರಿಂದ, ಸೂರ್ಯನನ್ನು ಅನುಸರಿಸದೆ ಪೂರ್ವಾಭಿಮುಖವಾಗಿ ಸಾಗುವ ಅಲೆಗಳೂ ಅದರಿಂದ ಹುಟ್ಟುತ್ತವೆ.

ಇಲ್ಲಿಯೇ ಎಲ್ ನಿನ್ಯೋವಿನ ಪ್ರಸ್ತಾಪ ಬರುತ್ತದೆ. ಶಾಂತಸಾಗರದ ನಡುಭಾಗ ಕಾದಾಗ ಮಳೆಯು ಇಂಡೋನೇಷ್ಯದ ಕಡೆಯಿಂದ ಪೂರ್ವಕ್ಕೆ ಸರಿಯುವುದು. ಮಳೆಯೊಡನೆ ಶಾಖವೂ, ಶಾಖದೊಡನೆ ಅಲೆಯ ಮೂಲವೂ ಸರಿಯುವುವು. ಈ ತೂಗಾಟದ ವಾಯುಭಾರದ ಪಕ್ಷವನ್ನು ಗುರುತಿಸಿ ಹೆಸರಿಟ್ಟವನು 1904ರಿಂದ 1924ರವರೆಗೆ ಭಾರತದ ಹವಾಮಾನ ವೀಕ್ಷಣಾಲಯಗಳ ಮುಖ್ಯಸ್ಥನಾಗಿದ್ದ ಗಿಲ್ಬರ್ಟ್ ವಾಕರ್. 1877ರಲ್ಲಿ ಮಳೆ ಹೋಗಿ ದಖ್ಖಣವು ಕ್ಷಾಮದಿಂದ ಬೆಂದುದು ಇಂತಹುದೇ ಒಂದು ಸರಿತದ ಕಾಲದಲ್ಲಿ. ತಮಿಳುನಾಡಿನ ತಿರುನೆಲ್ವೇಲಿಯ ರೇಡಾರಿನ ಅಳತೆಗಳನ್ನು ಪರಿಶೀಲಿಸಿ ಗುರುಬರನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಲೇಖನವು, 1997ರ ಎಲ್ ನಿನ್ಯೋ ಕಾಲದಲ್ಲಿ ಮೇಲ್ಗಾಳಿಯ ದೈನಿಕ ಉಬ್ಬರವು ವಿಶೇಷವಾಗಿ ಬಲಿತುದನ್ನು ತೋರಿಸಿತು.

ಹಾಗಾದರೆ ಈ ಉಬ್ಬರವನ್ನು ನೋಡಿ ಸೇಡಂನ ತೊಗರಿಯ ಹೊಲಕ್ಕೆ ಮಳೆಯ ಭವಿಷ್ಯ ಹೇಳಬಹುದೆ? ಹೇಳಲಾಗದು. ಆ 1997ರಲ್ಲಿಯೇ ಒಟ್ಟು ಭಾರತದ ಮುಂಗಾರು ಸರಾಸರಿಗೆ ಕಡಮೆಯಾಗಲಿಲ್ಲ. ಮೇಲಿನ ಅಲೆಯು ದೂರದ ಮಳೆಯ ಕಾರ್ಯ, ನಮ್ಮ ಮಳೆಯ ಕಾರಣವಲ್ಲ. ಅದರ ಬಲವು ವಾಯುಮಂಡಲದ ನಡುವಿನ ಮಾರುತಗಳು ಸುಮಾರು ಇಪ್ಪತ್ತೆಂಟು ತಿಂಗಳಿಗೊಮ್ಮೆ ದಿಕ್ಕು ಬದಲಿಸುವುದನ್ನೂ ಅನುಸರಿಸುತ್ತದೆ.