ಬಾಬೆಲ್ ಗೋಪುರದ ಇಟ್ಟಿಗೆ ಹೊತ್ತವರು ಯಾರು?



ಬೈಬಲ್ಲಿನ ಬಾಬೆಲ್ ಕತೆ ಕೇಳಿರ್ತೀರಿ. ಲೋಕಕ್ಕೆಲ್ಲ ಒಂದೇ ಭಾಷೆ ಇತ್ತಂತೆ. ಜನ ಆಕಾಶ ಮುಟ್ಟೋ ಗೋಪುರ ಕಟ್ಟೋಕೆ ಹೊರಟಾಗ ದೇವರು ಮಾತು ಗಲಿಬಿಲಿ ಮಾಡಿ, ದಿಕ್ಕುದಿಕ್ಕಿಗೆ ಚದುರಿಸಿದನಂತೆ. ಇದು ಆದಿಕಾಂಡದ 11ನೇ ಅಧ್ಯಾಯ. ಹಿಂದಿನ 10ನೇ ಅಧ್ಯಾಯ ತೆಗೆದು ನೋಡಿ, ಅಲ್ಲಿ ಆಗಲೇ ಒಂದೊಂದು ಜನಾಂಗಕ್ಕೂ ಅದರದ್ದೇ ಭಾಷೆ ಇದೆ! ದಿನಾ ಫೈಲು ತಿರುವೋ ಗುಮಾಸ್ತ ನಾನು. ಎರಡು ಕಡತ ಸೇರಿಸಿ ಹೊಲಿದಿದ್ದಾರೆ ಅಂತ ಗೊತ್ತಾಗುತ್ತೆ. ಈ ಹೊಲಿಗೆ ಹುಡುಕೋದನ್ನ ಕಲಿಸಿದ್ದು ಬಾಬಾಸಾಹೇಬರು. ನಾಲ್ಕು ವರ್ಣ ಹೇಳೋ ಪುರುಷಸೂಕ್ತ ಆಮೇಲೆ ಸೇರಿಸಿದ್ದು ಅಂತ 1946ರಲ್ಲೇ 'ಶೂದ್ರರು ಯಾರು?' ಪುಸ್ತಕದಲ್ಲಿ ವಾದಿಸಿದ್ರು.

ಹೆಸರಿನ ಕತೆಯೂ ಅಷ್ಟೆ. ಬ್ಯಾಬಿಲೋನಿನವರ ಬಾಯಲ್ಲಿ 'ಬಾಬ್-ಇಲಿ' ಅಂದ್ರೆ ದೇವರ ಬಾಗಿಲು. ಹೀಬ್ರೂ ಕತೆಗಾರ ಅದನ್ನ ಗಲಿಬಿಲಿ ಅನ್ನೋ ಅರ್ಥದ 'ಬಾಲಲ್'ಗೆ ತಳುಕು ಹಾಕಿದ.

ಆ ಊರಲ್ಲಿ ಎತೆಮೆನಾಂಕಿ ಅನ್ನೋ ಇಟ್ಟಿಗೆ ಗೋಪುರ ನಿಜವಾಗಿಯೂ ಇತ್ತು. ಕ್ರಿ.ಪೂ. 6ನೇ ಶತಮಾನದಲ್ಲಿ ಅದನ್ನ ಕಟ್ಟಿಸಿದ ನೆಬೂಕದ್ನೆಚ್ಚರ, ದೇಶದೇಶದ ಜನರನ್ನ ಆ ಕೆಲಸಕ್ಕೆ ಹಚ್ಚಿದೆ ಅಂತ ಶಾಸನದಲ್ಲಿ ತಾನೇ ಹೇಳ್ಕೊಂಡಿದ್ದಾನೆ. ಅಂದ್ರೆ ಹತ್ತಾರು ಭಾಷೆ ಇದ್ದದ್ದು ಇಟ್ಟಿಗೆ ಹೊರುವ ಸಾಲಿನಲ್ಲೇ. ಆದಿಕಾಂಡದ ಕತೆಯಲ್ಲಿ ಆ ರಾಜನೂ ಇಲ್ಲ, ಬಿಟ್ಟಿ ಚಾಕರಿಯೂ ಇಲ್ಲ. ಬನ್ನಿ, ಇಟ್ಟಿಗೆ ಸುಡೋಣ ಅಂತ ಜನರೇ ಒಬ್ಬರನ್ನೊಬ್ಬರು ಕರೆದ್ರಂತೆ!