ಮಕ್ಕಳ ಮೇಲೆ ಪ್ರಕರಣ ದಾಖಲಾದಾಗ: ಪರಿವೀಕ್ಷಣಾಧಿಕಾರಿ ಮನೆಗೆ ಬರುವುದೇಕೆ?

18 ವರ್ಷ ತುಂಬದವರ ಮೇಲೆ ಅಪರಾಧದ ಆರೋಪ ಬಂದರೆ 2015ರ ಬಾಲ ನ್ಯಾಯ ಕಾಯ್ದೆಯಂತೆ ವಿಚಾರಣೆ ನಡೆಸುವುದು ಬಾಲ ನ್ಯಾಯ ಮಂಡಳಿ. ಭಾರತೀನಗರದ ಕುಟುಂಬವಾದರೆ ಮಂಡ್ಯ ಜಿಲ್ಲೆಯ ಮಂಡಳಿ. ಪೊಲೀಸರು ಮಗುವನ್ನು ಲಾಕಪ್‌ನಲ್ಲಿ ಇಡುವಂತಿಲ್ಲ. 24 ಗಂಟೆಯೊಳಗೆ ಮಂಡಳಿಯ ಮುಂದೆ ಹಾಜರುಪಡಿಸಬೇಕು.

ಪರಿವೀಕ್ಷಣಾಧಿಕಾರಿ ಮನೆ, ಶಾಲೆ, ಸಹವಾಸ ಎಲ್ಲವನ್ನೂ ವಿಚಾರಿಸಿ 2 ವಾರದೊಳಗೆ ಸಾಮಾಜಿಕ ತನಿಖಾ ವರದಿ ಕೊಡುತ್ತಾರೆ. ಮರ್ಯಾದೆಗೆ ಅಂಜಿ 'ನಮ್ಮ ಮನೆಯಲ್ಲಿ ಏನೂ ತೊಂದರೆಯಿಲ್ಲ' ಎಂದು ಮುಚ್ಚಿಡುವ ಪೋಷಕರೇ ಹೆಚ್ಚು. ಓದು ನಿಂತದ್ದು, ಚಟ, ಖಿನ್ನತೆ, ಮನೆಯ ಜಗಳ ಇದ್ದರೆ ಹೇಳಿಬಿಡಿ. ಮಗುವಿಗೆ ಬೇಕಾದದ್ದು ಆಪ್ತ ಸಮಾಲೋಚನೆಯೋ, ಚಿಕಿತ್ಸೆಯೋ ಎಂದು ಮಂಡಳಿಗೆ ತಿಳಿಯುವುದು ಅದರಿಂದಲೇ. ತಪ್ಪು ಸಾಬೀತಾದರೂ ಬಾಂಡ್ ಬರೆಸಿಕೊಂಡು, 3 ವರ್ಷ ಮೀರದ ಅವಧಿಗೆ, ಪೋಷಕರ ಜವಾಬ್ದಾರಿಯಲ್ಲೇ ಬಿಡಲು ಅವಕಾಶವಿದೆ.

16 ದಾಟಿದವರ ಮೇಲೆ ಘೋರ ಅಪರಾಧದ ಆರೋಪವಿದ್ದರೆ ಮಾತ್ರ ಪ್ರಾಥಮಿಕ ಮೌಲ್ಯಮಾಪನ ನಡೆಯುತ್ತದೆ. ಕೃತ್ಯ ಎಸಗುವ ಮಾನಸಿಕ, ದೈಹಿಕ ಸಾಮರ್ಥ್ಯ ಎಷ್ಟಿತ್ತು, ಪರಿಣಾಮದ ಅರಿವಿತ್ತೇ ಎಂದು ನೋಡುತ್ತಾರೆ. ಮನಶ್ಶಾಸ್ತ್ರಜ್ಞರ ನೆರವೂ ಇರುತ್ತದೆ. ಇದು ವಿಚಾರಣೆಯಲ್ಲ. ಆದರೆ ವಯಸ್ಕನಂತೆ ವಿಚಾರಣೆ ನಡೆಯಬೇಕೇ ಎಂಬುದು ಇಲ್ಲೇ ತೀರ್ಮಾನವಾಗುವುದರಿಂದ ವಕೀಲರಿಲ್ಲದೆ ಹೋಗಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ, ಸಹಾಯವಾಣಿ 15100.

ಬಸದಿಯಲ್ಲಿ, ಬಂಧುಗಳಲ್ಲಿ ಸುದ್ದಿಯಾದೀತೆಂಬ ಭಯ ಸಹಜ. ಮಗುವಿನ ಹೆಸರು, ಶಾಲೆ, ಭಾವಚಿತ್ರ ಪ್ರಕಟಿಸುವುದು 74ನೇ ಕಲಮಿನಡಿ ಅಪರಾಧ. ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಅವನ್ನು ಹಂಚಬಾರದು.