ಬಾಂಡ್ ಪೇಪರ್ ಮೇಲೆ ಸಹಿ ಹಾಕಿದರೆ ಡೈವೋರ್ಸ್ ಆಗಲ್ಲ: ಜೀವನಾಂಶ, ಮಕ್ಕಳ ವಿಷಯದಲ್ಲಿ ಕೋರ್ಟ್ ನೋಡುವುದೇನು?

ಬಾಗಲಕೋಟೆ: ಗಂಡ-ಹೆಂಡತಿ ಕೂಡಿ ಬಾಳುವುದು ಆಗಲ್ಲ ಅಂದ್ರೆ ಈ ಭಾಗದಲ್ಲಿ ಮೊದಲು ಕೂಡುವುದು ಹಿರಿಯರು. ಮಾತುಕತೆ ಮುಗಿಸಿ, ಬಾಂಡ್ ಪೇಪರ್ ಮೇಲೆ ಬರೆಸಿ, ಇಬ್ಬರ ಸಹಿ ಹಾಕಿಸಿ ನೋಟರಿ ಮಾಡಿಸಿದರೆ ಸೋಡಚೀಟಿ ಆಯ್ತು ಎಂಬುದು ಹಲವರ ನಂಬಿಕೆ. ಕೋರ್ಟ್ ಹಾಗೆ ನೋಡುವುದಿಲ್ಲ.

1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ವೀರಶೈವ, ಲಿಂಗಾಯತರ ಹೆಸರೂ ಇದೆ. ಅದರ ಪ್ರಕಾರ ಮದುವೆ ಮುರಿಯುವುದು ಕೋರ್ಟಿನ ಡಿಕ್ರಿಯಿಂದ. ಹಿಂದಿನಿಂದ ನಡೆದುಬಂದ ರೂಢಿಗೆ 29ನೇ ಕಲಂ ಜಾಗ ಬಿಟ್ಟಿದೆ ನಿಜ. ಆದರೆ ಅಂಥ ರೂಢಿ ಇದೆ ಎಂದು ಸಾಕ್ಷಿ ಸಮೇತ ತೋರಿಸಬೇಕಾದವರು ಅದನ್ನು ಹೇಳುವವರೇ, ಅದು ಸುಲಭವಲ್ಲ. ಬಾಂಡ್ ನಂಬಿ ಮತ್ತೊಂದು ಮದುವೆಯಾದರೆ ಆ ಮದುವೆ ಊರ್ಜಿತವಲ್ಲ, ಜೊತೆಗೆ 7 ವರ್ಷದವರೆಗೆ ಜೈಲು ಶಿಕ್ಷೆಗೆ ಅವಕಾಶವಿದೆ.

ಇಬ್ಬರೂ ಒಪ್ಪಿದ್ದರೆ ದಾರಿ ಚಿಕ್ಕದು. ಒಂದು ವರ್ಷ ಬೇರೆ ಇದ್ದು, 13-ಬಿ ಕಲಂ ಅಡಿ ಜಂಟಿ ಅರ್ಜಿ ಹಾಕಬಹುದು. ನಂತರದ 6 ತಿಂಗಳ ಕಾಯುವಿಕೆಯನ್ನು ತಕ್ಕ ಕಾರಣವಿದ್ದರೆ ಕೋರ್ಟ್ ಬಿಡಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಒಬ್ಬರು ಒಪ್ಪದಿದ್ದರೆ ಕ್ರೌರ್ಯ, ಎರಡು ವರ್ಷ ಬಿಟ್ಟುಹೋಗಿರುವುದು ಮುಂತಾದ ಕಾರಣ ಸಾಬೀತಾಗಬೇಕು. ‘ಮನಸ್ಸು ಕೂಡಲಿಲ್ಲ’ ಅಂದರೆ ಸಾಲದು.

ಕೇಸ್ ಎಲ್ಲಿ ಹಾಕಬೇಕು? ಮದುವೆ ಬಾದಾಮಿಯಲ್ಲಿ, ಗಂಡನ ಮನೆ ಹುನಗುಂದದಲ್ಲಿ, ಹೆಂಡತಿ ಈಗ ಇಳಕಲ್‌ನ ತವರಿನಲ್ಲಿ ಎಂದುಕೊಳ್ಳಿ. ಅರ್ಜಿದಾರಳು ಹೆಂಡತಿಯಾದರೆ ತಾನು ಇರುವ ಊರಿನ ವ್ಯಾಪ್ತಿಯ ಕೋರ್ಟಿಗೇ ಹೋಗಬಹುದು.

ಹೆಚ್ಚು ಜಗಳ ನಡೆಯುವುದು ಜೀವನಾಂಶದ ಮೇಲೆ. ‘ಅಂಗಡಿ ಲಾಸ್‌ನಲ್ಲಿದೆ’ ಎಂಬ ಬಾಯಿಮಾತು ನಡೆಯುವುದಿಲ್ಲ. 2020ರ ರಜನೀಶ್-ನೇಹಾ ತೀರ್ಪಿನ ನಂತರ ಇಬ್ಬರೂ ಆಸ್ತಿ, ಆದಾಯ, ಸಾಲದ ಅಫಿಡವಿಟ್ ಕೊಡಲೇಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್, ತೆರಿಗೆ ರಿಟರ್ನ್ಸ್ ಹೊರಬರುತ್ತವೆ. ಅಂಗಡಿ ಅಣ್ಣನ ಹೆಸರಿಗೆ ಬರೆದುಕೊಟ್ಟರೂ ಪ್ರಶ್ನೆ ಬಂದೇ ಬರುತ್ತದೆ. ಸಂಬಳದ ಕಾಲು ಭಾಗ ಎಂಬ ಮಾತು ಓಡಾಡುತ್ತಿದೆಯಲ್ಲ, ಅದು ಖಾಯಂ ಲೆಕ್ಕವಲ್ಲ. ಹಾಗಂತ ಕೇಳಿದಷ್ಟು ಸಿಗುವುದೂ ಇಲ್ಲ. ತಿಂಗಳಿಗೆ 6 ಲಕ್ಷಕ್ಕೂ ಹೆಚ್ಚು ಕೇಳಿದ ಮಹಿಳೆಯನ್ನು 2024ರ ಆಗಸ್ಟ್‌ನಲ್ಲಿ ಹೈಕೋರ್ಟ್ ತರಾಟೆಗೆ ತೆಗೆದುಕೊಂಡ ವಿಡಿಯೋ ಹಲವರು ನೋಡಿರುತ್ತಾರೆ.

ಜೀವನಾಂಶದ ಲೆಕ್ಕ ಅರ್ಜಿ ಹಾಕಿದ ದಿನದಿಂದಲೇ ಶುರು. ಹಳೆಯ 125ನೇ ಕಲಂ ಈಗ ಬಿಎನ್‌ಎಸ್‌ಎಸ್‌ನ 144ನೇ ಕಲಂ. ಅದರಡಿ ಬಾಕಿ ಉಳಿಸಿಕೊಂಡರೆ ಜೈಲಿಗೂ ಕಳಿಸಬಹುದು. ತಲಾಖ್ ಆದ ಮುಸ್ಲಿಂ ಮಹಿಳೆಯರಿಗೂ ಈ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2024ರ ಜುಲೈ 10ರಂದು ಸ್ಪಷ್ಟಪಡಿಸಿದೆ.

ಮಕ್ಕಳ ವಿಷಯದಲ್ಲಿ ತಂದೆ-ತಾಯಿಯ ಹಕ್ಕಿಗಿಂತ ಮಗುವಿನ ಹಿತ ಮೊದಲು. ಹಿಂದೂ ಕಾನೂನಿನಲ್ಲಿ 5 ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿ ಹತ್ತಿರ. ತಿಳಿವಳಿಕೆ ಬಂದ ಮಗುವನ್ನು ಜಡ್ಜ್ ತಾವೇ ಕೂರಿಸಿ ಮಾತಾಡಿಸುವುದುಂಟು. ಕಸ್ಟಡಿ ಸಿಗದವರಿಗೆ ಭೇಟಿಯ ದಿನ ನಿಗದಿಯಾಗುತ್ತದೆ. ‘ದುಡ್ಡು ಕೊಟ್ಟಿಲ್ಲ, ಮಗು ತೋರಿಸಲ್ಲ’ ಅನ್ನುವಂತಿಲ್ಲ. ಮಗು ತೋರಿಸಿಲ್ಲವೆಂದು ಖರ್ಚು ನಿಲ್ಲಿಸುವಂತೆಯೂ ಇಲ್ಲ.

ವಕೀಲರ ಫೀ ಚಿಂತೆ ಇರುವ ಮಹಿಳೆಯರು ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು. ಮಹಿಳೆಯರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವಿದೆ.